ಕಾವೇರಿ ಮನೆಗೆ ಮರಳಿದ ಮೇಲೆ

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆ ‘ಹುಚ್ಚಾಸ್ಪತ್ರೆ’ ಎಂದರೆ ಹಲವರ ಕಣ್ಣಮುಂದೆ ಬರುವುದು ಸಿನಿಮಾದ ದೃಶ್ಯವೇ. ಸರಳುಗಳ ಕೋಣೆ, ಕೆದರಿದ ಕೂದಲು, ಕರೆಂಟ್ ಶಾಕ್. ಆದರೆ ಈ ವಿಷಯದಲ್ಲಿ ಕನ್ನಡದ ಅತಿ ದೊಡ್ಡ ಚಿತ್ರ ‘ಶರಪಂಜರ’ದಲ್ಲಿ ಹೆದರಿಸುವುದು ಆಸ್ಪತ್ರೆಯಲ್ಲ, ಮನೆ.

ಪುಟ್ಟಣ್ಣ ಕಣಗಾಲ್ ನಿರ್ದೇಶನದ ಈ ಚಿತ್ರ 1972ರಲ್ಲಿ ತೆರೆಕಂಡಿತು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕತೆ ತ್ರಿವೇಣಿಯವರದು. ಮನಶ್ಶಾಸ್ತ್ರ ಓದಿದ್ದ ಅವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಕಲ್ಪನಾ ಅಭಿನಯಿಸಿದ ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಹತೋಟಿ ತಪ್ಪುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ಚಿಕಿತ್ಸೆ ಫಲಿಸುತ್ತದೆ, ಆಕೆ ಗುಣವಾಗಿ ಮನೆಗೆ ಬರುತ್ತಾಳೆ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ನಕ್ಕರೆ ಅನುಮಾನ, ಸಿಟ್ಟಾದರೆ ಅನುಮಾನ. ಹತ್ತಿರ ಬರಲು ಜನ ಅಳುಕುತ್ತಾರೆ. ಗಂಡ ಇನ್ನೊಬ್ಬಳ ಕಡೆ ವಾಲಿರುವುದೂ ಗೊತ್ತಾಗುತ್ತದೆ. ಕೊನೆಗೆ ಕಾವೇರಿ ಮತ್ತೆ ಅದೇ ಆಸ್ಪತ್ರೆಯ ಬಾಗಿಲಿಗೆ. ಹತ್ತು ವರ್ಷದ ನಂತರ, 1982ರ ‘ಮಾನಸ ಸರೋವರ’ದಲ್ಲಿ ಪುಟ್ಟಣ್ಣ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಅಲ್ಲಿ ಶ್ರೀನಾಥ್ ಅಭಿನಯಿಸಿದ ಮನೋವೈದ್ಯನೇ ಬುದ್ಧಿ ಕಳೆದುಕೊಳ್ಳುತ್ತಾನೆ.

ಕಾವೇರಿಯಂಥವರ ಸ್ಥಿತಿಗೆ ಹಳ್ಳಿಗಳಲ್ಲಿ ‘ಬಾಣಂತಿ ಸನ್ನಿ’ ಎನ್ನುತ್ತಾರೆ. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು. ಹೆಚ್ಚಾಗಿ ಹೆರಿಗೆಯಾದ ಎರಡು ವಾರದೊಳಗೇ ಕಾಣಿಸಿಕೊಳ್ಳುತ್ತದೆ. ಮೊದಲು ನಿದ್ದೆ ಹಾರಿಹೋಗುತ್ತದೆ. ಕೂಸು ಮಲಗಿದ್ದರೂ ತಾಯಿ ಕಣ್ಣು ಮುಚ್ಚುವುದಿಲ್ಲ. ಮಾತು ಹಳಿ ತಪ್ಪುತ್ತದೆ. ಯಾರೋ ಕೂಸಿಗೆ ಕೇಡು ಬಗೆಯುತ್ತಿದ್ದಾರೆ ಎಂಬ ಭಯ ಹಿಡಿಯುತ್ತದೆ, ಇಲ್ಲದ ದನಿಗಳು ಕೇಳಿಸುತ್ತವೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾ ಕೂರುವ ಹೊತ್ತಲ್ಲ ಅದು. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿದೆ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಸಕಾಲಕ್ಕೆ ಔಷಧಿ ಸಿಕ್ಕರೆ ಬಹುತೇಕರು ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ಸಿನಿಮಾ ತುಂಬಿದ ಹೆದರಿಕೆಗಳಲ್ಲಿ ಕೆಲವಕ್ಕೆ ಈಗ ಕಾನೂನೇ ಉತ್ತರ ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವಂತಿಲ್ಲ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ.

ದೂರದ ಅಡ್ಡಿಯೂ ತಗ್ಗಿದೆ. ಸಿಂಧನೂರಿನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಸುಮಾರು 400 ಕಿ.ಮೀ. ಕೂಲಿ ಬಿಟ್ಟು ಅಷ್ಟು ದೂರ ಓಡಾಡುವುದು ಬಡವರ ಕೈಲಾಗುವ ಮಾತಲ್ಲ. ಇದನ್ನು ಅರಿತೇ ನಿಮ್ಹಾನ್ಸ್‌ನ ತಜ್ಞರು 1980ರ ದಶಕದಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಹೊಸ ಪ್ರಯೋಗಕ್ಕಿಳಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ಮನೋರೋಗ ಗುರುತಿಸುವ, ಮಾತ್ರೆ ಕೊಡುವ ತರಬೇತಿ ಕೊಟ್ಟರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ‘ಮನೋಚೈತನ್ಯ’ ರಾಜ್ಯ ಸರ್ಕಾರದ ಯೋಜನೆ. 2022ರ ಅಕ್ಟೋಬರ್‌ನಿಂದ ‘ಟೆಲಿ ಮನಸ್’ ಸಹಾಯವಾಣಿಯೂ ಇದೆ: 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇಷ್ಟಿದ್ದರೂ ಕಾವೇರಿಯ ಮನೆಯ ಕತೆ ಹಳತಾಗಿಲ್ಲ. ‘ನಾಲ್ಕು ಮಂದಿಗೆ ಗೊತ್ತಾದರೆ ಮರ್ಯಾದೆ ಏನಾಗಬೇಕು’ ಎಂದು ಕಾಯಿಲೆಯನ್ನು ಮುಚ್ಚಿಡುವ ಮನೆಗಳಿವೆ. ಬಾಣಂತಿ ಸನ್ನಿಯ ವಿಷಯದಲ್ಲಿ ಇದು ನೇರ ಅಪಾಯ. ಒಮ್ಮೆ ಬಂದವರಿಗೆ ಮುಂದಿನ ಹೆರಿಗೆಯಲ್ಲೂ ಅದು ಮರುಕಳಿಸುವ ಸಾಧ್ಯತೆ ಹೆಚ್ಚು. ಬಸಿರಿನ ಮೊದಲ ತಪಾಸಣೆಯಲ್ಲೇ ಹಿಂದಿನ ಕಾಯಿಲೆಯನ್ನು ವೈದ್ಯರಿಗೆ, ಆಶಾ ಕಾರ್ಯಕರ್ತೆಗೆ ಹೇಳಿಬಿಟ್ಟರೆ ಹೆರಿಗೆಯ ನಂತರದ ದಿನಗಳಿಗೆ ಔಷಧಿ, ನಿದ್ದೆ, ರಾತ್ರಿ ಕೂಸು ನೋಡಿಕೊಳ್ಳುವವರು ಎಲ್ಲವನ್ನೂ ಮೊದಲೇ ಅಣಿ ಮಾಡಿಕೊಳ್ಳಬಹುದು.