ಇಶಾಪುರದ ಬಂದೂಕಿಗೆ ಯಾವ ತೋಟಾ?

ಟೆಕ್ಸಾಸ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಹಳೇ ಸೇನಾ ಬಂದೂಕೊಂದರ ಫೋಟೊ ಕಳಿಸಿ ಕೇಳಿದ್ದಾರೆ: ‘ಮಾರಿದವನು ಇದು .410 ಅಂದ. ಗೆಳೆಯ ತ್ರೀ ನಾಟ್ ತ್ರೀ ಅಂತಾನೆ. ಯಾರ ಮಾತು ನಂಬಲಿ? ಬೆಲೆ ಎಷ್ಟು ಬಾಳುತ್ತದೆ?’ ಹಿಡಿಯ ಬಳಿಯ ಉಕ್ಕಿನ ಮೇಲೆ ಕಿರೀಟ, ಅದರ ಕೆಳಗೆ ಜಿ.ಆರ್.ಐ., ಇಶಾಪುರ ಎಂಬ ಅಕ್ಷರಗಳು. ಮ್ಯಾಗಜಿನ್ ಇರಬೇಕಾದ ಜಾಗದಲ್ಲಿ ಮರದ ತುಂಡೊಂದನ್ನು ತುರುಕಿದ್ದಾರೆ.

ಆ ಮರದ ತುಂಡೇ ಅರ್ಧ ಉತ್ತರ ಹೇಳಿಬಿಡುತ್ತದೆ. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತ್ರೀ ನಾಟ್ ತ್ರೀ (.303) ತೋಟಾದ ಲೀ-ಎನ್‌ಫೀಲ್ಡ್ ರೈಫಲ್‌ಗಳು ತಯಾರಾಗುತ್ತಿದ್ದವು. ಬ್ರಿಟಿಷರ ಕಾಲದಲ್ಲಿ ಇವುಗಳಲ್ಲಿ ಒಂದಷ್ಟನ್ನು ಪೊಲೀಸರಿಗೆ, ಜೈಲು ಕಾವಲಿನವರಿಗೆ ಕೊಡಲೆಂದು .410 ಮಸ್ಕೆಟ್ ಮಾಡಿದರು. ನಳಿಗೆಯೊಳಗಿನ ಸುರುಳಿ ಗೀರುಗಳು ಹೋದವು. ಮ್ಯಾಗಜಿನ್‌ಗೆ ಮರ ಬಡಿದರು, ಒಮ್ಮೆಗೆ ಒಂದೇ ಗುಂಡು. ಆದರೆ ಮೈಮೇಲಿನ ಹಳೇ ಮುದ್ರೆಗಳನ್ನು ಅಳಿಸುವ ಗೋಜಿಗೆ ಹೋಗಲಿಲ್ಲ. ಹಾಗಾಗಿ ಮುದ್ರೆ ಮಾತ್ರ ಓದಿದವನು ತ್ರೀ ನಾಟ್ ತ್ರೀ ಎಂದೇ ಹೇಳುತ್ತಾನೆ.

ಅಂಗಡಿಗೆ ಹೋಗಿ .410 ತೋಟಾ ತಂದರೆ ಮುಗಿಯಿತೇ? ಇಲ್ಲ. ಈ ಮಸ್ಕೆಟ್‌ನ ತೋಟಾ .303ರ ಹಿತ್ತಾಳೆ ಚಿಪ್ಪಿನಿಂದಲೇ ಹುಟ್ಟಿದ್ದು, ಕತ್ತು ಕಿರಿದಾಗಿಸದೆ ನೆಟ್ಟಗೆ ಬಿಟ್ಟದ್ದು. ಶಾಟ್‌ಗನ್ನಿನ .410 ತೋಟಾ ಬೇರೆಯೇ ಅಳತೆಯದು, ಮೂಲ ಚೇಂಬರಿನಲ್ಲಿ, ಅಂದರೆ ತೋಟಾ ಕೂರುವ ಗೂಡಿನಲ್ಲಿ, ಪೂರ್ತಿ ಇಳಿಯುವುದಿಲ್ಲ. ಅಮೆರಿಕಕ್ಕೆ ಹೋದ ಎಷ್ಟೋ ಮಸ್ಕೆಟ್‌ಗಳ ಚೇಂಬರನ್ನು ಅಲ್ಲಿನವರು ಅಂಗಡಿ ತೋಟಾ ಹಿಡಿಸಲೆಂದು ಮತ್ತೆ ಕೊರೆದಿದ್ದಾರೆ. ನಿಮ್ಮದು ಯಾವುದು ಎಂಬುದನ್ನು ಹೊರಗಿನಿಂದ ಯಾರೂ ಹೇಳಲಾರರು.

ಇಂಥ ಕಡೆ ಕೈಹಿಡಿಯುವುದು ಲೋಹವಿಜ್ಞಾನ. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆಯುತ್ತಾರಲ್ಲ, ಹಾಗೆ ಚೇಂಬರಿನ ಅಚ್ಚು ತೆಗೆಯುತ್ತಾರೆ. ಅಚ್ಚಿಗೆ ಬಳಸುವುದು ಸೆರೋಸೇಫ್ ಎಂಬ ಮಿಶ್ರಲೋಹ. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಸೇರಿದ ಇದು ಸುಮಾರು 70ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಕುದಿಯುವ ನೀರಿನ ಶಾಖವೇ ಸಾಕು. ಚೇಂಬರಿನ ತುಸು ಮುಂದೆ ನಳಿಗೆಗೆ ಬಟ್ಟೆ ತುರುಕಿ, ಕರಗಿದ ಲೋಹ ಸುರಿಯುತ್ತಾರೆ. ಮಾಮೂಲಿ ಲೋಹಗಳು ತಣಿದಂತೆ ಕುಗ್ಗುತ್ತವೆ. ಬಿಸ್ಮತ್ ಹಟಮಾರಿ, ನೀರು ಮಂಜುಗಡ್ಡೆಯಾಗುವಾಗ ಹಿಗ್ಗುವಂತೆ ಇದೂ ಗಟ್ಟಿಯಾಗುವಾಗ ಹಿಗ್ಗುತ್ತದೆ. ಎರಡು ಸ್ವಭಾವಗಳ ಜಗಳದಲ್ಲಿ ಮಿಶ್ರಲೋಹ ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಅಷ್ಟರೊಳಗೆ ಅಚ್ಚನ್ನು ಹೊರಗೆ ತಳ್ಳಬೇಕು. ಆಮೇಲೆ ನಿಧಾನವಾಗಿ ಹಿಗ್ಗಿ, ಸುರಿದ ಒಂದು ಗಂಟೆಗೆ ಚೇಂಬರಿನ ನಿಜ ಅಳತೆಗೆ ಬರುತ್ತದೆ. ಆಗ ಮೈಕ್ರೋಮೀಟರ್ ಹಿಡಿಯಬೇಕು. ಇಷ್ಟು ಸೊಗಸಾದ ಲೆಕ್ಕಾಚಾರ ಬೇರೆಲ್ಲೂ ನಾನು ಕಂಡಿಲ್ಲ!

ಇಶಾಪುರದ ಇನ್ನೊಂದು ಮಾದರಿಯೂ ಸಾಕಷ್ಟು ತಲೆ ತಿನ್ನುತ್ತದೆ. ಅರವತ್ತರ ದಶಕದಲ್ಲಿ ಬಂದ 2ಎ ಮತ್ತು 2ಎ1 ನೋಡಲು ಅದೇ ತ್ರೀ ನಾಟ್ ತ್ರೀ. ಆದರೆ ಇವು ನುಂಗುವುದು 7.62 ಮಿ.ಮೀ. ನೇಟೊ ತೋಟಾ. ಹಳೇ ರೈಫಲ್ಲನ್ನೇ ತಿದ್ದಿದ್ದು ಎಂಬ ಮಾತು ಚಾಲ್ತಿಯಲ್ಲಿದೆ, ಅದು ಸುಳ್ಳು. ಹೊಸ ತೋಟಾದ ಹೆಚ್ಚಿನ ಒತ್ತಡ ತಡೆಯಲೆಂದು ಇನ್ನೂ ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದರು. ಮ್ಯಾಗಜಿನ್ ಚೌಕಾಕಾರವಾಗಿದ್ದು ಹನ್ನೆರಡು ಗುಂಡು ಹಿಡಿಯುತ್ತದೆ. ಇದನ್ನು ‘ಎರಡನೇ ಮಹಾಯುದ್ಧ ಕಂಡ ಬಂದೂಕು’ ಎಂದು ಮಾರುವವರಿಗೆ ಕ್ಯಾಲೆಂಡರ್ ಕೊಡಿಸಬೇಕು.

ಬೆಲೆಯ ವಿಷಯಕ್ಕೆ ಬಂದರೆ, ಸಂಗ್ರಾಹಕರು ಮೊದಲು ನೋಡುವುದು ನಂಬರು. ಬೋಲ್ಟಿನ ಹಿಡಿಯ ಬುಡದ ನಂಬರು ಬಂದೂಕಿನ ಮೈಯ ನಂಬರಿಗೆ ಹೊಂದಿದರೆ ಬೆಲೆ ಏರುತ್ತದೆ. ಮರ ಕತ್ತರಿಸಿ ಬೇಟೆ ಬಂದೂಕು ಮಾಡಿದ್ದರೆ, ಹೊಳೆಯಲೆಂದು ಹೊಸ ಬಣ್ಣ ಹಚ್ಚಿದ್ದರೆ ಇಳಿಯುತ್ತದೆ. ಮಸ್ಕೆಟ್‌ಗಳಲ್ಲೂ ಅಷ್ಟೇ, ಚೇಂಬರ್ ಮುಟ್ಟದೆ ಬಿಟ್ಟದ್ದಕ್ಕೇ ಮಾನ. ನಕಲಿಗಳೂ ಉಂಟು. ಪೇಶಾವರದ ಬಳಿಯ ದರ್ರಾ ಆದಮ್ ಖೇಲ್‌ನ ಕಮ್ಮಾರರು ಕೈಯಲ್ಲೇ ಲೀ-ಎನ್‌ಫೀಲ್ಡ್ ಬಡಿಯುತ್ತಿದ್ದರು. ಮುದ್ರೆಯಲ್ಲಿ ಕೆಲವೊಮ್ಮೆ ಅಕ್ಷರ ತಿರುಗುಮುರುಗು, ಕೆಲವೊಮ್ಮೆ 1901ರಲ್ಲೇ ತೀರಿಕೊಂಡ ವಿಕ್ಟೋರಿಯಾ ರಾಣಿಯ ಗುರುತಿನ ಕೆಳಗೆ ಎಷ್ಟೋ ವರ್ಷ ಆಮೇಲಿನ ಇಸವಿ! ಗೋಡೆಗೆ ನೇತುಹಾಕಲು ಚೆಂದ, ಹಾರಿಸಲು ಅಲ್ಲ.

ಟೆಕ್ಸಾಸಿನ ಓದುಗರಿಗೆ ನನ್ನ ಉತ್ತರ: ಮರದ ತುಂಡನ್ನು ನೋಡಿದರೆ ನಿಮ್ಮದು ಮಸ್ಕೆಟ್ಟೇ ಇರಬೇಕು, ಮಾರಿದವನ ಮಾತೇ ಸತ್ಯಕ್ಕೆ ಹತ್ತಿರ. ಆದರೆ ಗನ್‌ಸ್ಮಿತ್ ಒಬ್ಬರಿಂದ ಚೇಂಬರಿನ ಅಚ್ಚು ತೆಗೆಸುವವರೆಗೆ ಅದರೊಳಗೆ ಯಾವ ತೋಟಾವನ್ನೂ ಇಡಬೇಡಿ. ಊರಿನ ಅಟ್ಟದಲ್ಲಿ ಅಜ್ಜನ ಕಾಲದ ಬಂದೂಕು ಸಿಕ್ಕಿದೆ ಎನ್ನುವವರಿಗೆ ಬೇರೆ ಮಾತು: ನಮ್ಮಲ್ಲಿ .303 ನಾಗರಿಕರಿಗೆ ನಿಷಿದ್ಧ ಬೋರು, ಬೆಲೆ ವಿಚಾರಿಸುವ ಮೊದಲು ಪೊಲೀಸ್ ಠಾಣೆಗೆ ತಿಳಿಸಿ.