ಗುಂಡಿ ಒತ್ತಿದರೆ ಗುಡುಗು

ಸಾಗರದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದಾರಂತೆ. ವೀಸಾ ಕೈಗೆ ಬಂದಿದೆ, ಚಟ್ನಿಪುಡಿ, ಅಂಟಿನುಂಡೆ ಡಬ್ಬ ಸೇರಿವೆ. ಉಳಿದಿರುವುದು ಒಂದೇ ಭಯ, ಅದು ವಿಮಾನದ ಶೌಚಾಲಯದ್ದು. 'ಕೂತವರನ್ನು ಒಳಕ್ಕೆ ಎಳೆದುಕೊಳ್ಳುತ್ತದಂತೆ, ಹೌದಾ? ಅಲ್ಲಿ ಮಾಡಿದ್ದೆಲ್ಲ ಕೆಳಗೆ ಯಾರದೋ ಊರಿನ ಮೇಲೆ ಬೀಳುತ್ತದಂತೆ, ಹೌದಾ?' ಅತ್ತೆಯವರ ಈ ಎರಡೂ ಪ್ರಶ್ನೆಗಳನ್ನು ಸೊಸೆ ನನಗೆ ದಾಟಿಸಿದ್ದಾರೆ. ಯಾವ ರಗಳೆಯೂ ಬೇಡವೆಂದು ಆ ಹಿರಿಯರು ದಾರಿಯುದ್ದಕ್ಕೂ ನೀರನ್ನೇ ಮುಟ್ಟದಿರಲು ತೀರ್ಮಾನಿಸಿಬಿಟ್ಟಿದ್ದಾರಂತೆ. ಈ ಕೊನೆಯ ಮಾತು ಓದಿದ ಮೇಲೆ ಉತ್ತರವನ್ನು ಮುಂದಿನ ತಿಂಗಳಿಗೆ ತಳ್ಳುವ ಧೈರ್ಯವಾಗಲಿಲ್ಲ.

ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಇಲ್ಲ, ಬೀಳುವುದಿಲ್ಲ. ಬೀಳಿಸಬೇಕೆಂದು ಪೈಲಟ್ ಹಟ ಹಿಡಿದರೂ ಆಗದು. ಏಕೆಂದರೆ ಮಲದ ಟ್ಯಾಂಕನ್ನು ಖಾಲಿ ಮಾಡುವ ಹಿಡಿಕೆ ಕಾಕ್‌ಪಿಟ್‌ನಲ್ಲಿಲ್ಲ, ವಿಮಾನದ ಒಳಗೆ ಎಲ್ಲಿಯೂ ಇಲ್ಲ. ಅದು ಇರುವುದು ಹೊರಗೆ, ಹೊಟ್ಟೆಯ ಅಡಿಯಲ್ಲಿ ಬಾಲದ ಕಡೆ, ಒಂದು ಪುಟ್ಟ ಮುಚ್ಚಳದ ಹಿಂದೆ. ದೇವನಹಳ್ಳಿಯ ನಿಲ್ದಾಣದಲ್ಲಿ ಗಾಜಿನ ಗೋಡೆಯ ಪಕ್ಕ ಜಾಗ ಸಿಕ್ಕರೆ ಫೋನು ಬದಿಗಿಟ್ಟು ನೋಡಿ. ಲಗೇಜು ಇಳಿಸುವ ಗಾಡಿ, ಊಟ ಏರಿಸುವ ಗಾಡಿಗಳ ಗದ್ದಲದ ನಡುವೆ ಟ್ಯಾಂಕು ಹೊತ್ತ ಇನ್ನೊಂದು ಗಾಡಿ ಬಾಲದ ಕಡೆಗೆ ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಕೈಗವಸು ತೊಟ್ಟ ಒಬ್ಬಾತ ಮುಚ್ಚಳ ತೆರೆದು, ತೋಳಿನಷ್ಟು ದಪ್ಪದ ಕೊಳವೆಯನ್ನು ಬಾಯಿಗೆ ಸಿಕ್ಕಿಸಿ, ಬಿಗಿಯಾಗಿ ಕೂತಿದೆಯೇ ಎಂದು ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ಹಿಡಿಕೆ ಎಳೆಯುತ್ತಾನೆ. ಆ ಅಲ್ಲಾಡಿಸಿ ನೋಡುವ ಒಂದು ಕ್ಷಣದಲ್ಲಿ ಎಷ್ಟು ಅನುಭವ ಅಡಗಿದೆ ಎಂಬುದನ್ನು ನಾನು ವಿವರಿಸಬೇಕಿಲ್ಲ.

ಹಾಗಿದ್ದರೂ ಈ ನಂಬಿಕೆ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ್ದೇಕೆ? ನನ್ನ ಗುಮಾನಿ ರೈಲಿನ ಮೇಲೆ. ರೈಲು ನಿಲ್ದಾಣದಲ್ಲಿ ನಿಂತಾಗ ಶೌಚಾಲಯ ಬಳಸಬೇಡಿ ಎಂಬ ಫಲಕವನ್ನು ಓದುತ್ತಲೇ ಬೆಳೆದವರು ನಾವು. ತೂತಿನೊಳಗೆ ಇಣುಕಿದರೆ ಜಲ್ಲಿಕಲ್ಲು ಓಡುವುದು ಕಾಣುತ್ತಿತ್ತು. ರೈಲು ಹಳಿಯ ಮೇಲೆ ಬೀಳಿಸುವುದಾದರೆ ವಿಮಾನ ಊರ ಮೇಲೆ ಬೀಳಿಸುತ್ತದೆ ಎಂದುಕೊಂಡದ್ದರಲ್ಲಿ ತರ್ಕವೇನೋ ಇದೆ, ಸತ್ಯವಿಲ್ಲ ಅಷ್ಟೆ. ರೈಲ್ವೆಯೂ ಈಗ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಜೊತೆ ಸೇರಿ ಬ್ಯಾಕ್ಟೀರಿಯಾ ತುಂಬಿದ ಜೈವಿಕ ಟ್ಯಾಂಕುಗಳನ್ನು ಬೋಗಿಗಳಿಗೆ ಅಳವಡಿಸಿಕೊಂಡು ಆ ಹಳೆಯ ಚಾಳಿ ಬಿಟ್ಟಿದೆ.

ಅಪರೂಪಕ್ಕೊಮ್ಮೆ ಬೀಳುವುದುಂಟು, ಆದರೆ ಅದು ಸೋರಿಕೆಯ ಕಥೆ. ಆ ಹೊರಬಾಯಿಯ ರಬ್ಬರು ಸವೆದಿದ್ದರೆ ಹನಿಹನಿಯಾಗಿ ಸೋರಿದ್ದು ಮೇಲಿನ ಕೊರೆಯುವ ಚಳಿಗೆ ಅಲ್ಲೇ ಹೆಪ್ಪುಗಟ್ಟಿ ಗಡ್ಡೆಯಾಗುತ್ತದೆ. ವಿಮಾನ ಇಳಿಯುತ್ತಾ ಬೆಚ್ಚಗಿನ ಗಾಳಿಗೆ ಬಂದಾಗ ಕಳಚಿ ಬೀಳುತ್ತದೆ. ಶೌಚಾಲಯದಲ್ಲಿ ಬಳಸುವ ನೀಲಿ ಸೋಂಕುನಿವಾರಕದಿಂದಾಗಿ ಇದಕ್ಕೆ ನೀಲಿ ಹಿಮ ಎಂಬ ಹೆಸರು ಬಂದಿದೆ. 2018ರ ಜನವರಿಯಲ್ಲಿ ದೆಹಲಿ ವಿಮಾನ ನಿಲ್ದಾಣದಿಂದ ಹೆಚ್ಚು ದೂರವಲ್ಲದ ಗುರುಗ್ರಾಮದ ಫಾಜಿಲ್‌ಪುರ ಬಾದ್ಲಿ ಹಳ್ಳಿಯ ಗೋಧಿ ಹೊಲಕ್ಕೆ ಹತ್ತು ಕಿಲೋಗೂ ಮಿಕ್ಕಿದ ಹಿಮದ ಬಂಡೆಯೊಂದು ದೊಪ್ಪನೆ ಬಿತ್ತು. ಊರಿಗೆ ಊರೇ ಓಡಿ ಬಂತು. ಆಕಾಶದಿಂದ ಬಿದ್ದದ್ದೆಲ್ಲ ಅಪರೂಪದ್ದು ಎಂಬ ನಂಬಿಕೆ ಬೇರೆ! ಅನ್ಯಲೋಕದ ಕಲ್ಲು ಎಂದರು ಕೆಲವರು, ಬೆಲೆಬಾಳುವ ಖನಿಜ ಎಂದರು ಇನ್ನು ಕೆಲವರು. ಚೂರುಗಳನ್ನು ಮನೆಗೊಯ್ದು ಫ್ರಿಜ್ಜಿನಲ್ಲಿಟ್ಟವರೂ ಇದ್ದರು. ಅದು ವಿಮಾನದ ಶೌಚಾಲಯದ ಹಿಮವಿರಬಹುದು ಎಂದು ಅಧಿಕಾರಿಗಳು ಬಂದು ಹೇಳಿದ ಮೇಲೆ ಆ ಫ್ರಿಜ್ಜುಗಳ ಗತಿ ಏನಾಯಿತೋ. ಕಂಡದ್ದಕ್ಕೆ ಕೈಮುಗಿಯುವ ಮೊದಲು ಒಮ್ಮೆ ಮೂಸಿ ನೋಡುವ ಅಭ್ಯಾಸ ನಮಗೆ ಬರಬಾರದೇ!

ದೆಹಲಿಯ ನಿವೃತ್ತ ಸೇನಾಧಿಕಾರಿಯೊಬ್ಬರು ತಮ್ಮ ಮನೆಯ ಗೋಡೆಗೆ ವಿಮಾನಗಳು ಮಲ ಸಿಡಿಸುತ್ತಿವೆ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿದ್ದರು. ಹಾಗೆ ಚೆಲ್ಲಿದ ವಿಮಾನ ಕಂಪನಿಗೆ 50,000 ರೂಪಾಯಿ ದಂಡ ಹಾಕಬೇಕೆಂದು 2016ರ ಡಿಸೆಂಬರಿನಲ್ಲಿ ಮಂಡಳಿ ಆದೇಶವನ್ನೂ ಕೊಟ್ಟಿತು. ಸೋರುವ ರಬ್ಬರನ್ನು ಕಂಪನಿಗಳು ಬೇಗ ಬದಲಿಸುವಂತಾದರೆ ಆದೇಶ ಒಳ್ಳೆಯದೇ.

ಇನ್ನೊಂದು ಗುಟ್ಟು. ನೀವು ವಿಮಾನದಲ್ಲಿ ಕೈ ತೊಳೆದ ನೀರು ಮಾತ್ರ ಬಹುತೇಕ ವಿಮಾನಗಳಲ್ಲಿ ನಿಜಕ್ಕೂ ಹೊರಗೆ ಹೋಗುತ್ತದೆ. ಹೊಟ್ಟೆಯಡಿ ಮೀನಿನ ರೆಕ್ಕೆಯಂತೆ ಚಾಚಿಕೊಂಡ ಸಣ್ಣ ನಾಳಗಳಿವೆ. ನೀರು ಹೆಪ್ಪುಗಟ್ಟದಂತೆ ಅವುಗಳನ್ನು ವಿದ್ಯುತ್ತಿನಿಂದ ಕಾಯಿಸುತ್ತಾರೆ. ಅಲ್ಲಿಂದ ಚಿಮ್ಮಿದ ನೀರು ಮಂಜಾಗಿ ಚದುರಿಹೋಗುತ್ತದೆ. ಶೌಚಾಲಯದ ಗಾಳಿಯನ್ನೂ ಹೊರಕ್ಕೇ ಬಿಡುತ್ತಾರೆ. ಹಾಗಾಗಿ ಊರ ಮೇಲೆ ಹೋಗುವುದು ವಾಸನೆ ಮತ್ತು ಸೋಪಿನ ನೀರು, ಅಷ್ಟೆ.

ಈಗ ಮೊದಲ ಪ್ರಶ್ನೆ, ಎಳೆದುಕೊಳ್ಳುವುದರದ್ದು. ಈ ಯಂತ್ರದ ಸೊಗಸೆಲ್ಲ ಇರುವುದು ಇಲ್ಲೇ. ಎಳನೀರಿಗೆ ಸ್ಟ್ರಾ ಹಾಕಿ ಹೀರುತ್ತೀರಿ. ನೀರನ್ನು ನೀವು ಎಳೆದಿರಿ ಎನ್ನುತ್ತೀರಿ. ವಾಸ್ತವದಲ್ಲಿ ನೀವು ಮಾಡಿದ್ದು ಬಾಯಿಯೊಳಗಿನ ಗಾಳಿಯ ಒತ್ತಡ ಕಡಿಮೆ ಮಾಡಿದ್ದು ಮಾತ್ರ. ಎಳನೀರನ್ನು ಮೇಲಕ್ಕೆ ತಳ್ಳಿದ್ದು ಹೊರಗಿನ ಗಾಳಿ. ನಿರ್ವಾತಕ್ಕೆ ಎಳೆಯಲು ಕೈಯಿಲ್ಲ, ತಳ್ಳುವುದು ಯಾವಾಗಲೂ ಗಾಳಿಯೇ. ವಿಮಾನ 35,000 ಅಡಿಯಲ್ಲಿ ಹಾರುವಾಗ ಹೊರಗಿನ ಗಾಳಿಯ ಒತ್ತಡ ನೆಲಮಟ್ಟದ ಕಾಲು ಭಾಗಕ್ಕಿಂತ ತುಸು ಕಡಿಮೆ. ಒಳಗೆ ನಮಗೆ ಉಸಿರಾಡಲೆಂದು ತುಂಬಿಸಿಟ್ಟ ಒತ್ತಡ ನೆಲಮಟ್ಟದ ಸುಮಾರು ಮುಕ್ಕಾಲು ಭಾಗ. ಈ ವ್ಯತ್ಯಾಸ ಪುಕ್ಕಟೆಯಾಗಿ ಬಿದ್ದಿದೆ, ಬಳಸಿಕೊಳ್ಳೋಣ ಎಂದುಕೊಂಡದ್ದೇ ಎಂಜಿನಿಯರುಗಳ ಜಾಣತನ. ಟ್ಯಾಂಕಿನ ಗಾಳಿಯನ್ನು ಹೊರಗಿನ ಆಕಾಶಕ್ಕೆ ಜೋಡಿಸಿದರು. ಟ್ಯಾಂಕಿಗೂ ಕಮೋಡಿಗೂ ನಡುವೆ ಸುಮಾರು ಎರಡಿಂಚಿನ ಕೊಳವೆ, ಅದಕ್ಕೊಂದು ಕವಾಟ. ಲೆಕ್ಕ ಹಾಕಿದರೆ ಅಷ್ಟು ಸಣ್ಣ ಬಾಯಿಯ ಮೇಲೆ ಕ್ಯಾಬಿನ್ನಿನ ಗಾಳಿ ಹತ್ತು ಕಿಲೋ ತೂಕದಷ್ಟು ಬಲದಿಂದ ತಳ್ಳಲು ಸದಾ ಸಿದ್ಧವಾಗಿ ನಿಂತಿರುತ್ತದೆ. ಗುಂಡಿ ಒತ್ತಿದಾಗ ಕವಾಟ ಕೆಲವೇ ಸೆಕೆಂಡು ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಎಲ್ಲವೂ ಹತ್ತಾರು ಮೀಟರ್ ದೂರದ ಟ್ಯಾಂಕಿನ ಕಡೆ ಹಾರಿಹೋಗಿರುತ್ತದೆ. ಮುಂದಿನ ಬಿಸಿನೆಸ್ ಕ್ಲಾಸಿನವರದ್ದೂ ಹಿಂದಿನ ಎಕಾನಮಿಯವರದ್ದೂ ಕೊನೆಗೆ ಸೇರುವುದು ಬಾಲದ ಕಡೆಗೇ ಎಂಬುದರಲ್ಲಿ ನನಗೊಂದು ಸಣ್ಣ ಸಮಾಧಾನವಿದೆ.

ನೀರಿನ ಕೆಲಸವನ್ನೆಲ್ಲ ಗಾಳಿಯೇ ಮಾಡುವುದರಿಂದ ನೀರು ಬೇಕಾಗುವುದು ಒಂದು ಲೋಟದಷ್ಟು. ಮನೆಯ ಫ್ಲಶ್ಶಿಗೆ ಆರೇಳು ಲೀಟರ್ ಬೇಕು. ಮುನ್ನೂರು ಜನರ ವಿಮಾನ ಆ ಲೆಕ್ಕದಲ್ಲಿ ನೀರು ಹೊತ್ತಿದ್ದರೆ ಜನರನ್ನು ಕೆಳಗಿಳಿಸಬೇಕಿತ್ತು! ಹಿಂದಿನ ವಿಮಾನಗಳು ನೀಲಿ ದ್ರವವನ್ನೇ ಸೋಸಿ ಸೋಸಿ ಮತ್ತೆ ಚಿಮ್ಮಿಸುತ್ತಿದ್ದವು. ಅಮೆರಿಕದ ಜೇಮ್ಸ್ ಕೆಂಪರ್ 1975ರಲ್ಲಿ ನಿರ್ವಾತದ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. 1980ರ ದಶಕದಿಂದ ಅದು ವಿಮಾನಗಳಿಗೆ ಬಂತು. ಸುಮಾರು 16,000 ಅಡಿಗಿಂತ ಕೆಳಗೆ ಅಥವಾ ನೆಲದ ಮೇಲೆ ಇದ್ದಾಗ ಪುಕ್ಕಟೆ ಒತ್ತಡ ಸಾಲದು. ಆಗ ಮೋಟಾರು ತಾನಾಗಿ ಎದ್ದು ಟ್ಯಾಂಕಿನ ಗಾಳಿಯನ್ನು ಹೊರದಬ್ಬುತ್ತದೆ. ಕಿವಿಗೊಟ್ಟರೆ ಅದರ ಗುಂಯ್ ಸದ್ದು ಬೇರೆಯಾಗಿಯೇ ಕೇಳುತ್ತದೆ.

ಭಯ ಹುಟ್ಟಿಸುವುದು ಆ ಗುಡುಗು. ಅಮೆರಿಕದ ಯೂಟಾದಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇದರ ಹಿಂದೆಯೇ ಬಿದ್ದರು. ಕೊಳವೆಯಲ್ಲಿ ಗಾಳಿ ಗಂಟೆಗೆ 480 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಧಾವಿಸುತ್ತದೆ, ಕವಾಟ ತೆರೆಯುವಾಗ ಒಮ್ಮೆ, ಮುಚ್ಚುವಾಗ ಇನ್ನೊಮ್ಮೆ ಸದ್ದು ತಾರಕಕ್ಕೇರುತ್ತದೆ ಎಂದು ಅವರು ಅಳೆದರು. ಅವರು ಕಂಡುಕೊಂಡ ಮದ್ದು ಕಮೋಡಿಗೂ ಕವಾಟಕ್ಕೂ ನಡುವಿನ ಕೊಳವೆಯನ್ನು ಉದ್ದವಾಗಿಸಿ, ಚೂಪು ತಿರುವನ್ನು ನಿಧಾನವಾಗಿ ಬಾಗಿಸುವುದು. ಇಷ್ಟರಿಂದಲೇ ಸದ್ದು ಅರ್ಧಕ್ಕಿಳಿಯಿತು. ಎಲ್ಲ ವಿಮಾನಗಳಿಗೂ ಇದು ಬರುವವರೆಗೆ ಗುಡುಗು ಗುಡುಗೇ.

ಕೂತವರು ಅಂಟಿಕೊಳ್ಳುತ್ತಾರೆಯೇ? ಹಾಗಾಗಬೇಕಾದರೆ ಒಂದೆಳೆ ಗಾಳಿಯೂ ನುಸುಳದಂತೆ ಮೈ ಸೀಟಿಗೆ ಮೊಹರಾಗಬೇಕು. ಅದಾಗದಿರಲೆಂದೇ ಈ ಸೀಟುಗಳ ಅಡಿಯಲ್ಲಿ ಗಾಳಿಗೆ ಸಂದು ಬಿಟ್ಟಿರುತ್ತಾರೆ. 2002ರಲ್ಲಿ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ವಿಮಾನದಲ್ಲಿ ಮಹಿಳೆಯೊಬ್ಬರು ಸೀಟಿಗೆ ಅಂಟಿಕೊಂಡು ವಿಮಾನ ಇಳಿಯುವವರೆಗೂ ಏಳಲಾಗಲಿಲ್ಲ ಎಂಬ ಸುದ್ದಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ವಿಚಾರಿಸಿ ನೋಡಿದರೆ ಅದು ಸಿಬ್ಬಂದಿ ತರಬೇತಿಗೆಂದು ಹೆಣೆದ ಕಲ್ಪಿತ ಪ್ರಸಂಗ! ಸುದ್ದಿ ಓಡಿದಷ್ಟು ದೂರ ಸ್ಪಷ್ಟನೆ ಓಡುವುದುಂಟೇ? ಆದರೂ ಎದ್ದು ನಿಂತು, ಮುಚ್ಚಳ ಹಾಕಿ, ಆಮೇಲೆ ಗುಂಡಿ ಒತ್ತುವುದೇ ಸರಿ. ಸದ್ದೂ ತಗ್ಗುತ್ತದೆ, ಹನಿಯೂ ಸಿಡಿಯುವುದಿಲ್ಲ.

ಹಿರಿಯರಿಗೆ ಇದನ್ನೆಲ್ಲ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಮೇಲು. ಧಾರವಾಡ–ಬೆಂಗಳೂರು, ಮೈಸೂರು–ಚೆನ್ನೈ ವಂದೇ ಭಾರತ್ ರೈಲುಗಳಲ್ಲಿ ಇರುವುದೂ ನಿರ್ವಾತದ ಶೌಚಾಲಯವೇ. ಅಲ್ಲಿ ಒಮ್ಮೆ ಅಭ್ಯಾಸವಾದರೆ ಆಕಾಶದಲ್ಲಿ ಎದೆ ಹೊಡೆದುಕೊಳ್ಳುವುದಿಲ್ಲ. ವಿಮಾನದಲ್ಲಿ ಚಿಲಕ ಹಾಕಿದ ಮೇಲೆಯೇ ಒಳಗಿನ ದೀಪ ಪೂರ್ತಿ ಹೊತ್ತಿಕೊಳ್ಳುವುದು, ಆದ್ದರಿಂದ ಮಬ್ಬುಗತ್ತಲೆಗೆ ಗಾಬರಿಯಾಗಿ ವಾಪಸು ಬರಬೇಡಿ. ಒಳಗೆ ಸಿಕ್ಕಿಕೊಂಡರೂ ಭಯವಿಲ್ಲ, ಆ ಬಾಗಿಲನ್ನು ಗಗನಸಖಿಯರು ಹೊರಗಿನಿಂದ ತೆಗೆಯಬಲ್ಲರು. ಊಟದ ಗಾಡಿ ಹಿಂದೆ ಸರಿದ ಕೂಡಲೇ ಮದುವೆ ಮನೆಯ ಎರಡನೇ ಪಂಕ್ತಿಗೆ ಎದ್ದವರ ಹಾಗೆ ಎಲ್ಲರೂ ಏಳುತ್ತಾರೆ. ಗಾಡಿ ಬರುವ ಮೊದಲೇ ಹೋಗಿ ಬನ್ನಿ. ನೀರು ಕುಡಿಯುವುದನ್ನು ಬಿಡುವುದು ಮಾತ್ರ ಬೇಡವೇ ಬೇಡ. ಕ್ಯಾಬಿನ್ನಿನ ಗಾಳಿ ನಮ್ಮ ಬೇಸಿಗೆಗಿಂತ ಒಣ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಶೌಚಾಲಯಕ್ಕೆ ಎದ್ದು ಹೋಗುವ ನಾಲ್ಕು ಹೆಜ್ಜೆಯೇ ಅದಕ್ಕೆ ಔಷಧಿ.

ಕಮೋಡಿಗೆ ಕಾಗದ ಬಿಟ್ಟು ಬೇರೇನನ್ನೂ ಹಾಕಬಾರದು. ಚಿಕಾಗೋದಿಂದ ದೆಹಲಿಗೆ ಹೊರಟ ಏರ್ ಇಂಡಿಯಾ ವಿಮಾನ 2025ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಮೇಲಿಂದ ವಾಪಸು ಚಿಕಾಗೋಗೆ ಹೋಗಿ ಇಳಿಯಿತು. ಕಾರಣ, ಹನ್ನೆರಡು ಶೌಚಾಲಯಗಳಲ್ಲಿ ಎಂಟು ಕಟ್ಟಿಕೊಂಡಿದ್ದವು. ಕೊಳವೆಯಲ್ಲಿ ಸಿಕ್ಕಿದ್ದು ಪಾಲಿಥೀನ್ ಚೀಲ, ಚಿಂದಿ, ಬಟ್ಟೆ. ಎರಡಿಂಚಿನ ದಾರಿಯಲ್ಲಿ ಬಟ್ಟೆ ತುರುಕಿದವರು ಯಾರೋ, ಹಿಂದಿರುಗಿದವರು ನೂರಾರು ಜನ.

ಕ್ರೂಸ್ ಹಡಗಿನಲ್ಲೂ ಇದೇ ಯಂತ್ರ. ಸ್ವೀಡನ್ನಿನ ಯೋಯೆಲ್ ಲಿಲ್ಯೆಂಡಾಲ್ 1950ರ ದಶಕದಲ್ಲೇ ನಿರ್ವಾತದ ಒಳಚರಂಡಿಯನ್ನು ರೂಪಿಸಿದ್ದರು. ವಿಮಾನಕ್ಕಿಂತ ಮೊದಲು ಇದು ಪಳಗಿದ್ದು ನೆಲ, ನೀರಿನ ಮೇಲೆ. ಹಡಗಿಗೆ ಹೊರಗಿನ ಪುಕ್ಕಟೆ ಒತ್ತಡವಿಲ್ಲ, ಪಂಪುಗಳು ಹಗಲಿರುಳು ನಿರ್ವಾತ ಕಟ್ಟುತ್ತಿರಬೇಕು. ಹಲವಾರು ಕೋಣೆಗಳಿಗೆ ಒಂದೇ ಕೊಳವೆ. ನಿಮ್ಮ ಕೋಣೆಯವರು ಹಾಕಿದ ಒದ್ದೆ ಟಿಶ್ಯೂ ಪಕ್ಕದ ಕೋಣೆಯವರಿಗೆ ಕಂಟಕ. ಇನ್ನು ಕರೆಂಟು ಹೋದರಂತೂ ಮುಗಿಯಿತು. 2013ರ ಫೆಬ್ರವರಿಯಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ, ಆದರೆ ವಿದ್ಯುತ್ ನಿಂತಿತು, ಪಂಪು ನಿಂತಿತು. ನಾಲ್ಕು ಸಾವಿರಕ್ಕೂ ಮಿಕ್ಕಿದ ಜನ ಶೌಚಕ್ಕೆ ಕೆಂಪು ಚೀಲ ಹಿಡಿದು ದಿನಗಳನ್ನು ತಳ್ಳಿದರು. ಟಗ್ ದೋಣಿಗಳು ಅದನ್ನು ಎಳೆದು ತಂದು ಅಲಬಾಮಾದ ಮೊಬೀಲ್ ಬಂದರಿಗೆ ಮುಟ್ಟಿಸಿದವು.

ವಿಮಾನದ ಮೇಲೆ ನಾವು ಹೊರಿಸುವ ಆರೋಪ ನಿಜಕ್ಕೂ ಸಲ್ಲಬೇಕಾದದ್ದು ಹಡಗಿಗೆ. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ಆಚೆ ಹೋದ ಹಡಗು, ಕನಿಷ್ಠ 4 ನಾಟ್ ವೇಗದಲ್ಲಿ ಸಾಗುತ್ತಾ, ಟ್ಯಾಂಕಿನಲ್ಲಿ ಕೂಡಿಟ್ಟ ಸಂಸ್ಕರಿಸದ ಮಲವನ್ನು ಸ್ವಲ್ಪಸ್ವಲ್ಪವಾಗಿ ಸಮುದ್ರಕ್ಕೆ ಬಿಡಬಹುದು. ಪುಡಿಮಾಡಿ ಸೋಂಕು ನಿವಾರಿಸಿದ್ದಾದರೆ 3 ನಾಟಿಕಲ್ ಮೈಲು ಸಾಕು. ಬಾಲ್ಟಿಕ್ ಸಮುದ್ರದಲ್ಲಿ ಪ್ರಯಾಣಿಕ ಹಡಗುಗಳಿಗೆ ಈ ಸಲಿಗೆ ಇಲ್ಲ. ಸಾರಜನಕ, ರಂಜಕಗಳನ್ನೂ ತೆಗೆಯುವಷ್ಟು ಶುದ್ಧೀಕರಿಸಿದ ಮೇಲೆಯೇ ಬಿಡಬೇಕು, ಇಲ್ಲವಾದರೆ ಬಂದರಿಗೆ ಒಪ್ಪಿಸಬೇಕು. ಅಂಥ ಶುದ್ಧೀಕರಣ ಘಟಕಗಳು ಈಗ ಹಲವು ಹೊಸ ಹಡಗುಗಳಲ್ಲಿವೆ. ಮುಂಬೈಯಿಂದ ಲಕ್ಷದ್ವೀಪಕ್ಕೆ ಟಿಕೆಟ್ ಮಾಡಿಸುವಾಗ ಬಾಲ್ಕನಿ ಇದೆಯೇ, ಊಟಕ್ಕೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಸಿಗುತ್ತದೆಯೇ ಎಂದೆಲ್ಲ ಏಜೆಂಟರ ಜೀವ ಹಿಂಡುವವರು ಇದನ್ನೂ ಒಂದು ಮಾತು ಕೇಳಬಹುದು.