ಸಮುದ್ರದ ತಳ ಶಿಖರವಾದ ಬಗೆ

ಭೂಮಿಯ ಗಟ್ಟಿ ಹೊರಪದರ ಒಂದೇ ಅಖಂಡ ಹಾಸಲ್ಲ. ಏಳೆಂಟು ದೊಡ್ಡ ಫಲಕಗಳಾಗಿ, ಹಲವು ಚಿಕ್ಕ ಫಲಕಗಳಾಗಿ ಒಡೆದುಕೊಂಡಿದೆ. ಸರಾಸರಿ 100 ಕಿ.ಮೀ. ದಪ್ಪದ ಈ ಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಂತೆ ಸರಿಯುತ್ತಲೇ ಇರುತ್ತವೆ. ಅವು ಕರಗಿದ ಬೆಂಕಿದ್ರವದ ಮೇಲೆ ತೇಲುತ್ತವೆ ಎಂದು ಹಲವರು ತಿಳಿದಿದ್ದಾರೆ. ಅದು ನಿಜವಲ್ಲ. ಕೆಳಗಿರುವುದೂ ಬಹುಪಾಲು ಘನಶಿಲೆಯೇ. ಅತಿಯಾದ ಬಿಸಿಗೆ ಮೆತ್ತಗಾಗಿ ಬಲು ನಿಧಾನಕ್ಕೆ ಹರಿಯುತ್ತದೆ, ಅಷ್ಟೆ. ಫಲಕಗಳು ದೂರ ಸರಿದಲ್ಲಿ ಶಿಲಾಪಾಕ ಮೇಲೆದ್ದು ಹೊಸ ಸಾಗರತಳ ಹುಟ್ಟುತ್ತದೆ. ಎದುರುಬದುರಾದಲ್ಲಿ ತಣ್ಣಗಾಗಿ ಭಾರವಾದ ಸಾಗರತಳ ಇನ್ನೊಂದರ ಅಡಿಗೆ ಇಳಿಯುತ್ತದೆ. ಇಳಿಯುವಾಗ ಹಿಂದಿನ ಫಲಕವನ್ನೂ ಎಳೆದೊಯ್ಯುತ್ತದೆ. ಚಲನೆಯ ಮುಖ್ಯ ಬಲ ಈ ಸೆಳೆತವೇ.

ಇದಕ್ಕೆ ಭಾರತಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಂದು ಕಾಲಕ್ಕೆ ಭಾರತವು ಆಫ್ರಿಕಾ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾಗಳೊಂದಿಗೆ ದಕ್ಷಿಣಗೋಳದ ಗೊಂಡ್ವಾನಾ ಮಹಾಖಂಡದಲ್ಲಿ ಸೇರಿತ್ತು. ಮಡಗಾಸ್ಕರ್‌ನಿಂದ ಅದು ಬೇರೆಯಾದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಗ ಬಿರುಕುಗಳಿಂದ ಉಕ್ಕಿದ ಲಾವಾದ ಕುರುಹನ್ನು ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡಬಹುದು: ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು. ಲಾವಾ ಆರುತ್ತ ಕುಗ್ಗಿದಾಗ ಸೀಳುಬಿಟ್ಟು, ಐದು, ಆರು, ಏಳು ಮುಖಗಳ ಕಂಬಗಳಾಗಿ ಒತ್ತೊತ್ತಾಗಿ ನಿಂತಿದೆ.

ಅಲ್ಲಿಂದ ಭಾರತ ಫಲಕ ಉತ್ತರಕ್ಕೆ ದೌಡಾಯಿಸಿತು. ಒಂದು ಹಂತದಲ್ಲಿ ವೇಗ ವರ್ಷಕ್ಕೆ 15 ಸೆಂ.ಮೀ. ಮುಟ್ಟಿತ್ತು, ಫಲಕಗಳ ಲೆಕ್ಕದಲ್ಲಿ ಇದು ನಾಗಾಲೋಟ. ನಡುವಿದ್ದ ಟೆಥಿಸ್ ಸಾಗರದ ತಳ ಏಷ್ಯಾದ ಅಡಿಗೆ ಸರಿದು ಹೋಯಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಎರಡು ಭೂಖಂಡಗಳೇ ಮುಖಾಮುಖಿಯಾದವು. ಭೂಖಂಡದ ಶಿಲೆ ಹಗುರ, ಸುಲಭಕ್ಕೆ ಆಳಕ್ಕೆ ಇಳಿಯದು. ಹಾಗಾಗಿ ಅದು ಮಡಚಿತು, ಒಂದರ ಮೇಲೊಂದು ಏರಿತು, ದಪ್ಪಗಾಯಿತು. ಹಿಮಾಲಯ ಎದ್ದದ್ದು ಹೀಗೆ. ಟೆಥಿಸ್ ತಳದ ಹೂಳೂ ಅದರೊಂದಿಗೆ ಮೇಲೇರಿತು. 8,848.86 ಮೀಟರ್ ಎತ್ತರದ ಎವರೆಸ್ಟ್‌ನ ನೆತ್ತಿಯ ಸುಣ್ಣಕಲ್ಲಿನಲ್ಲಿ ಕಡಲಜೀವಿಗಳ ಪಳೆಯುಳಿಕೆಗಳಿವೆ. ನೇಪಾಳದ ಗಂಡಕಿಯಿಂದ ಬಂದು ಕನ್ನಡಿಗರ ದೇವರಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮದೊಳಗಿನ ಸುರುಳಿಯೂ ಅಮೊನೈಟ್ ಎಂಬ, ಅಳಿದುಹೋದ ಸಮುದ್ರಜೀವಿಯ ಚಿಪ್ಪಿನ ಅಚ್ಚು.

ಒತ್ತಡ ಇನ್ನೂ ನಿಂತಿಲ್ಲ. ಭಾರತ ಈಗಲೂ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರಕ್ಕೆ ಸರಿಯುತ್ತಿದೆ, ಅದರಲ್ಲಿ ಹೆಚ್ಚುಕಡಿಮೆ 2 ಸೆಂ.ಮೀ.ಯನ್ನು ಹಿಮಾಲಯವೇ ನುಂಗಿಕೊಳ್ಳುತ್ತದೆ. ಬಂಡೆಗಳು ಸಲೀಸಾಗಿ ಜಾರದೆ ಕಚ್ಚಿಕೊಂಡು, ಬಿಗಿದು, ಒಮ್ಮೆಲೇ ಬಿಟ್ಟಾಗ ಭೂಕಂಪ. 2015ರ ಏಪ್ರಿಲ್‌ನಲ್ಲಿ ನೇಪಾಳವನ್ನು ನಡುಗಿಸಿದ 7.8 ತೀವ್ರತೆಯ ಕಂಪನ ಅಂಥದ್ದು. ಅಂಚಿನಿಂದ ದೂರವಿರುವ ದಕ್ಷಿಣಕ್ಕೆ ಅಪಾಯ ಕಡಿಮೆ, ಆದರೆ ಇಲ್ಲವೆನ್ನಲಾಗದು: ಕರ್ನಾಟಕದ ಗಡಿಗೆ ಹತ್ತಿರದ ಲಾತೂರಿನ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಾವಿರಾರು ಜನ ಸತ್ತದ್ದು ಫಲಕದ ಒಳನಾಡಿನ ಭೂಕಂಪದಿಂದಲೇ.